ತಲೆ ಕಾಯ್ದ ವೈದ್ಯ: ಸರ್ ಹ್ಯೂ ಕೇರ್ನ್ಸ್

ಯುದ್ಧಗಳ ಚರಿತ್ರೆಯನ್ನು ಓದುವ ನಾವು ಸೇನಾಪತಿಗಳ ಹೆಸರುಗಳನ್ನು ಉರು ಹೊಡೆಯುತ್ತೇವೆ. ಯಾವ ಕದನದಲ್ಲಿ ಯಾರು ಗೆದ್ದರು, ಯಾವ ಒಪ್ಪಂದಕ್ಕೆ ಯಾವ ಊರಿನಲ್ಲಿ ರುಜು ಬಿದ್ದಿತು ಎಂಬುದು ಪರೀಕ್ಷೆಗೆ ಬರುತ್ತದೆ. ಬಿದ್ದವರನ್ನು ಎತ್ತಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಇದುವರೆಗೆ ಯಾವ ಪ್ರಶ್ನಪತ್ರಿಕೆಯಲ್ಲಿಯೂ ನಾನು ಕಂಡಿಲ್ಲ. ಮೊದಲನೆಯ ಮಹಾಯುದ್ಧದ ಪಾಠಕ್ಕೆಂದು ಅರೇಬಿಯದ ಲಾರೆನ್ಸನ ವಿಷಯವನ್ನು ಓದುತ್ತಿದ್ದಾಗ, ಅವನ ಮರಣವನ್ನು ಹೇಳುವ ಪುಟದಲ್ಲಿ ಒಬ್ಬ ವೈದ್ಯನ ಹೆಸರು ಒಂದೇ ಒಂದು ಸಲ ಬಂದು ಹೋಯಿತು. ಆ ಹೆಸರಿನ ಬೆನ್ನು ಹಿಡಿದು ಹೋದಾಗ ನನಗೆ ದೊರೆತ ಜೀವನವು ಲಾರೆನ್ಸನ ಜೀವನಕ್ಕಿಂತ ಯಾವ ರೀತಿಯಲ್ಲಿಯೂ ಕಡಮೆಯದಲ್ಲವೆಂದು ನನಗೆ ತೋರಿದೆ. ವೈದ್ಯರ ಜಗತ್ತಿನಲ್ಲಿ ಸರ್ ಹ್ಯೂ ಕೇರ್ನ್ಸನ ಹೆಸರನ್ನು ಅರಿಯದವರು ವಿರಳ. ಕಲಾ ವಿಭಾಗದ ನಮಗೆ ಅದು ಹೊಸದು. ಆದರೆ ನಮ್ಮ ಕಾಲೇಜಿನ ಹೊರಗೆ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿರುವ ಮೋಟಾರ್ ಸೈಕಲ್ಲುಗಳನ್ನು ನೋಡಿದರೆ, ಈ ಮನುಷ್ಯನ ಪರಿಚಯ ನಮಗೇ ಹೆಚ್ಚು ಅಗತ್ಯವೆಂದು ನನ್ನ ಅಭಿಪ್ರಾಯ.

ಹ್ಯೂ ವಿಲಿಯಂ ಬೆಲ್ ಕೇರ್ನ್ಸನು 1896ನೆಯ ಇಸವಿ ಜೂನ್ 26ರಂದು ದಕ್ಷಿಣ ಆಸ್ಟ್ರೇಲಿಯದ ಪೋರ್ಟ್ ಪಿರೀ ಎಂಬ ಊರಿನಲ್ಲಿ ಜನಿಸಿದನು. ತಂದೆ ವಿಲಿಯಂ ಕೇರ್ನ್ಸ್ ಸ್ಕಾಟ್ಲೆಂಡಿನಿಂದ ಸಮುದ್ರ ದಾಟಿ ಬಂದ ಬಡಗಿ. ಉಳಿ, ಗರಗಸ, ಹತ್ತರಿಗಳ ಮನೆ. ಹುಡುಗನು ರಿವರ್‌ಟನ್ ಎಂಬ ಸಣ್ಣ ಊರಿನಲ್ಲಿ ಬೆಳೆದು, ಅಡಿಲೇಡ್ ಹೈಸ್ಕೂಲಿನಲ್ಲಿ ಓದಿ, ಅಡಿಲೇಡ್ ವಿಶ್ವವಿದ್ಯಾನಿಲಯದ ವೈದ್ಯ ತರಗತಿಯನ್ನು ಸೇರಿದನು. ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದು ಸುಲಭ. ಮನೆಯಲ್ಲಿ ಪುಸ್ತಕ ಹಿಡಿದವರು ಯಾರೂ ಇಲ್ಲದಿರುವಾಗ ಪದವಿಯ ಮೆಟ್ಟಿಲನ್ನು ಮೊದಲಿಗನಾಗಿ ಹತ್ತುವವನಿಗೆ ಎಷ್ಟು ಕಡೆ ಕಾಲು ತಡವರಿಸುತ್ತದೆ ಎಂಬುದು ಹತ್ತಿದವರಿಗೇ ಗೊತ್ತು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಗೆ ಬಂದವನು ನಾನೇ ಮೊದಲಿಗ. ಅರ್ಜಿಯ ಯಾವ ಅಂಕಣದಲ್ಲಿ ಏನನ್ನು ತುಂಬಬೇಕೆಂದು ಕೇಳಲು ನನಗೆ ಮನೆಯಲ್ಲಿ ಯಾರೂ ಇರಲಿಲ್ಲ. ಆದುದರಿಂದ ಬಡಗಿಯ ಮಗನೊಬ್ಬನು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪೀಠದವರೆಗೆ ಹೋದ ದಾರಿಯನ್ನು ನಾನು ತುಸು ನಿಧಾನವಾಗಿಯೇ ಓದಿದೆನೆಂದು ವಾಚಕರು ತಿಳಿಯಬೇಕು.

ಓದು ಮುಗಿಯುವ ಮೊದಲೇ ಯುದ್ಧ ಬಂದಿತು. 1915ರಲ್ಲಿ ಕೇರ್ನ್ಸನು ಆಸ್ಟ್ರೇಲಿಯದ ಸೈನ್ಯದ ವೈದ್ಯ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, ಗ್ರೀಸಿನ ಸಮೀಪದ ಲೆಮ್ನಾಸ್ ದ್ವೀಪಕ್ಕೆ ಹೋದನು. ಗಲ್ಲಿಪೊಲಿಯಲ್ಲಿ ಗಾಯಗೊಂಡವರನ್ನು ಹಡಗುಗಳಲ್ಲಿ ತುಂಬಿ ತರುತ್ತಿದ್ದುದು ಆ ದ್ವೀಪಕ್ಕೆ. ಹತ್ತೊಂಬತ್ತು ವರ್ಷದ ಹುಡುಗನು ಅಲ್ಲಿ ಏನೇನನ್ನು ಕಂಡಿರಬಹುದೆಂಬುದನ್ನು ಊಹಿಸಬಹುದು. ಅಲ್ಲಿಂದ ಹಿಂತಿರುಗಿ 1917ರಲ್ಲಿ ವೈದ್ಯ ಪದವಿಯನ್ನು ಪಡೆದು, ಮತ್ತೆ ಸೈನ್ಯದ ವೈದ್ಯನಾಗಿ ಫ್ರಾನ್ಸಿಗೆ ತೆರಳಿದನು. ಅದೇ ವರ್ಷ ರೋಡ್ಸ್ ವಿದ್ಯಾರ್ಥಿವೇತನವೂ ದೊರೆಯಿತು. ಯುದ್ಧ ನಿಂತ ಮೇಲೆ, 1919ರಲ್ಲಿ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿಗೆ ಬಂದನು. ದೋಣಿ ಹುಟ್ಟು ಹಾಕುವುದರಲ್ಲಿ ಗಟ್ಟಿಗ. 1920ರಲ್ಲಿ ಕೇಂಬ್ರಿಜಿನ ಮೇಲೆ ಪಂದ್ಯಕ್ಕಿಳಿದ ಆಕ್ಸ್‌ಫರ್ಡ್ ದೋಣಿಯಲ್ಲಿ ಅವನಿದ್ದನು. ಆ ವರ್ಷ ಗೆದ್ದುದು ಕೇಂಬ್ರಿಜ್. ಮರುವರ್ಷ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದ ಎ. ಎಲ್. ಸ್ಮಿತ್ ಅವರ ಮಗಳು ಬಾರ್ಬರಾಳನ್ನು ಮದುವೆಯಾದನು. ಇವರಿಗೆ ಇಬ್ಬರು ಗಂಡು, ಮೂವರು ಹೆಣ್ಣು ಮಕ್ಕಳು. ಹಿರಿಯ ಮಗ ಜಾನ್ ಕೇರ್ನ್ಸ್ ಮುಂದೆ ಜೀವಕೋಶದ ಡಿ.ಎನ್.ಎ. ತನ್ನನ್ನು ತಾನೇ ಪ್ರತಿಮಾಡಿಕೊಳ್ಳುವ ಬಗೆಯನ್ನು ಚಿತ್ರದಲ್ಲಿ ಹಿಡಿದು ತೋರಿಸಿದ ವಿಜ್ಞಾನಿ. ಸಂಸಾರದ ವಿಷಯ ಇಷ್ಟು ಸಾಕು.

ಆ ಕಾಲದಲ್ಲಿ ಮೆದುಳಿನ ಶಸ್ತ್ರಕ್ರಿಯೆ ಎಂದರೆ ಬಹುಪಾಲು ಮೃತ್ಯುವಿನ ಬಾಗಿಲು ತೆರೆದಂತೆಯೇ ಸರಿ. ಹೊಟ್ಟೆಯನ್ನೂ ಮೂಳೆಯನ್ನೂ ಕೊಯ್ಯುವ ವೈದ್ಯನೇ ತಲೆಯನ್ನೂ ಕೊಯ್ಯುತ್ತಿದ್ದನು. ಬೇಗ ಕೈ ಮುಗಿಸುವವನೇ ಜಾಣ ಎನಿಸಿಕೊಳ್ಳುತ್ತಿದ್ದ ಕಾಲ ಅದು. ಈ ನಂಬಿಕೆಯನ್ನು ತಲೆಕೆಳಗು ಮಾಡಿದವನು ಅಮೆರಿಕದ ಬಾಸ್ಟನ್ನಿನ ಹಾರ್ವೆ ಕುಷಿಂಗ್. ಮೆದುಳು ಅವಸರವನ್ನು ಸಹಿಸುವ ಅಂಗವಲ್ಲ. ರಕ್ತವನ್ನು ಹನಿಹನಿಯಾಗಿ ತಡೆಯುತ್ತ, ಗಂಟೆಗಟ್ಟಲೆ ತಾಳ್ಮೆಯಿಂದ ಕೆಲಸ ಮಾಡಬೇಕು ಎಂಬುದು ಅವನ ಮಾರ್ಗ. 1917ರಲ್ಲಿ ಯುದ್ಧಭೂಮಿಯಲ್ಲಿ ಮೂರು ತಿಂಗಳು ಕೆಲಸ ಮಾಡಿ, ಮೆದುಳಿಗೆ ಗುಂಡು ಹೊಕ್ಕವರಲ್ಲಿ ಸಾಯುವವರ ಸಂಖ್ಯೆಯನ್ನು ನೂರಕ್ಕೆ 54ರಿಂದ 28ಕ್ಕೆ ಇಳಿಸಿದ್ದನು. ಕೇರ್ನ್ಸನು 1926ರಲ್ಲಿ ರಾಕ್‌ಫೆಲರ್ ವೇತನವನ್ನು ಪಡೆದು ಈ ಗುರುವಿನ ಬಳಿಗೆ ಹೋಗಿ ಒಂದು ವರ್ಷ ದುಡಿದನು. ಕುಷಿಂಗನು ಶಿಷ್ಯರನ್ನು ಹುರಿದು ಮುಕ್ಕುವ ಗುರು. ಆದರೂ ಲಂಡನ್ನಿಗೆ ಹಿಂತಿರುಗಿದ ಕೇರ್ನ್ಸನು ಬೇರೆಯೇ ಮನುಷ್ಯನಾಗಿದ್ದನು. ಉಳಿದ ಎಲ್ಲ ಶಸ್ತ್ರಕ್ರಿಯೆಗಳನ್ನು ಬದಿಗಿಟ್ಟು ಲಂಡನ್ ಹಾಸ್ಪಿಟಲಿನಲ್ಲಿ ಮೆದುಳಿನ ಶಸ್ತ್ರವೈದ್ಯಕ್ಕೇ ಒಂದು ವಿಭಾಗವನ್ನು ಕಟ್ಟಲಾರಂಭಿಸಿದನು. ಸಂಪಾದನೆಯ ದೃಷ್ಟಿಯಿಂದ ಇದು ಬುದ್ಧಿವಂತಿಕೆಯ ಹೆಜ್ಜೆಯಲ್ಲ. ಹೊಟ್ಟೆಯ ರೋಗಿಗಳು ನೂರು ಬಂದರೆ ತಲೆಯ ರೋಗಿ ಒಬ್ಬ ಬರುತ್ತಿದ್ದನು.

ಹೀಗಿರಲು 1935ನೆಯ ಇಸವಿ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಒಂದು ಹಳ್ಳಿಯ ರಸ್ತೆಯಲ್ಲಿ ಲಾರೆನ್ಸನು ತನ್ನ ಬ್ರಫ್ ಸುಪೀರಿಯರ್ ಮೋಟಾರ್ ಸೈಕಲ್ಲಿನಿಂದ ಬಿದ್ದನು. ಅರಬರನ್ನು ಕೂಡಿಸಿಕೊಂಡು ತುರ್ಕರ ರೈಲುಗಳನ್ನು ಸ್ಫೋಟಿಸಿದ ವೀರ. ಯುದ್ಧದ ನಂತರ ಹೆಸರು ಬದಲಿಸಿಕೊಂಡು ವಿಮಾನ ದಳದಲ್ಲಿ ಸಾಮಾನ್ಯ ಆಳಾಗಿ, ಆಗಿನ ಅಖಂಡ ಹಿಂದೂಸ್ಥಾನದ ಕರಾಚಿಯಲ್ಲಿಯೂ ಕೆಲಕಾಲ ಇದ್ದವನು. ದಿಣ್ಣೆ ಇಳಿಜಾರುಗಳ ಆ ರಸ್ತೆಯಲ್ಲಿ ಎದುರಿಗೆ ಸೈಕಲ್ಲಿನ ಮೇಲೆ ಇಬ್ಬರು ಹುಡುಗರು ಇದ್ದುದು ಅವನ ಕಣ್ಣಿಗೆ ಬಿದ್ದುದು ತಡವಾಗಿ. ಅವರನ್ನು ತಪ್ಪಿಸಲು ಹೋಗಿ ಅವನು ಎಸೆಯಲ್ಪಟ್ಟನು. ಹುಡುಗರು ಉಳಿದರು. ತಲೆಯ ಮೇಲೆ ರಕ್ಷೆ ಇರಲಿಲ್ಲ. ಆ ಕಾಲದಲ್ಲಿ ಪಂದ್ಯದ ಸವಾರರನ್ನು ಬಿಟ್ಟರೆ ಸಾಮಾನ್ಯವಾಗಿ ಯಾರೂ ಧರಿಸುತ್ತಿರಲಿಲ್ಲ. ಅವನನ್ನು ಬಾವಿಂಗ್ಟನ್ ಸೈನಿಕ ಶಿಬಿರದ ಆಸ್ಪತ್ರೆಗೆ ಒಯ್ದರು. ಲಂಡನ್ನಿನಿಂದ ಬರಮಾಡಿಕೊಂಡ ವೈದ್ಯರಲ್ಲಿ ಕೇರ್ನ್ಸನು ಒಬ್ಬನು. ಆರು ದಿನ ಪ್ರಜ್ಞೆ ಮರಳಲಿಲ್ಲ. ಮೇ 19ರಂದು ಲಾರೆನ್ಸನು ತೀರಿಕೊಂಡನು. ವಯಸ್ಸು 46.

ಈ ಸಾವೇ ಕೇರ್ನ್ಸನ ಕಣ್ಣನ್ನು ಮೋಟಾರ್ ಸೈಕಲ್ಲಿನ ಕಡೆಗೆ ತಿರುಗಿಸಿತೆಂದು ಬರೆಯುವುದು ವಾಡಿಕೆಯಾಗಿದೆ. ಇರಬಹುದು. ಆದರೆ ಲಾರೆನ್ಸನ ಮರಣಕ್ಕೂ ಕೇರ್ನ್ಸನ ಪ್ರಸಿದ್ಧ ಲೇಖನಕ್ಕೂ ನಡುವೆ ಆರು ವರ್ಷಗಳಿವೆ. ಒಬ್ಬ ಪ್ರಸಿದ್ಧನ ಸಾವು ಮನಸ್ಸನ್ನು ಕಲಕುವುದು ಬೇರೆ. ಪ್ರಸಿದ್ಧರಲ್ಲದ ಸಾವಿರಾರು ಮಂದಿಯ ಸಾವನ್ನು ಒಂದೊಂದಾಗಿ ಎಣಿಸಿ ನೋಡುವುದು ಬೇರೆ. ಕೇರ್ನ್ಸನ ದೊಡ್ಡತನವು ಎರಡನೆಯದರಲ್ಲಿ ಇದೆಯೆಂದು ನಾನು ಭಾವಿಸುತ್ತೇನೆ.

ಮುಂದೆ ಹೋಗುವ ಮೊದಲು, ತಲೆಗೆ ಪೆಟ್ಟು ಬಿದ್ದವನು ಸಾಯುವುದು ಹೇಗೆಂಬುದನ್ನು ಸ್ವಲ್ಪ ಹೇಳಬೇಕು. ಇದನ್ನು ಬಿಟ್ಟರೆ ಕೇರ್ನ್ಸನು ಏಕೆ ಹಾಗೆ ಹಟ ಹಿಡಿದನೆಂಬುದು ತಿಳಿಯುವುದಿಲ್ಲ. ಬಿದ್ದ ಕ್ಷಣದಲ್ಲಿ ಮೆದುಳಿಗೆ ಆಗುವ ಹಾನಿ ಒಂದು. ಅದನ್ನು ಯಾವ ವೈದ್ಯನೂ ಹಿಂದಕ್ಕೆ ತೆಗೆದುಕೊಳ್ಳಲಾರನು. ಆ ಮೇಲಿನ ನಿಮಿಷಗಳಲ್ಲಿ, ಗಂಟೆಗಳಲ್ಲಿ ಆಗುವ ಹಾನಿ ಇನ್ನೊಂದು. ಮೂರ್ಛೆ ಹೋದವನು ಅಂಗಾತ ಮಲಗಿದ್ದರೆ ನಾಲಿಗೆಯು ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚುತ್ತದೆ. ಬಾಯಿಯ ರಕ್ತವೂ ವಾಂತಿಯೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಮೆದುಳಿಗೆ ಆಮ್ಲಜನಕ ಸಾಲದು. ಬೇರೆ ಗಾಯಗಳಿಂದ ರಕ್ತ ಹರಿದು ರಕ್ತದೊತ್ತಡ ಕುಸಿದರೆ, ಊದಿಕೊಂಡ ಮೆದುಳಿಗೆ ಹೋಗುವ ರಕ್ತವೂ ನಿಲ್ಲುತ್ತದೆ. ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದರೆ, ಮೂಳೆಯ ಪೆಟ್ಟಿಗೆಗೆ ಹಿಗ್ಗುವ ಗುಣವಿಲ್ಲವಾದುದರಿಂದ, ಒಳಗಿನ ಒತ್ತಡ ಏರುತ್ತ ಹೋಗುತ್ತದೆ. ಮೊದಲನೆಯ ಪೆಟ್ಟಿನಿಂದ ಸಾಯಬೇಕಾಗಿರದಿದ್ದವನು ಈ ಎರಡನೆಯ ಪೆಟ್ಟಿನಿಂದ ಸಾಯುತ್ತಾನೆ, ಇಲ್ಲವೆ ಬದುಕಿಯೂ ಬದುಕದಂತೆ ಆಗುತ್ತಾನೆ. ಈ ಎರಡನೆಯ ಪೆಟ್ಟು ಬೀಳುವುದು ಆಸ್ಪತ್ರೆಯೊಳಗಿಗಿಂತ ಹೆಚ್ಚಾಗಿ ಬಿದ್ದ ಜಾಗದಲ್ಲಿ, ದಾರಿಯಲ್ಲಿ.

ನನ್ನ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷಕ್ಕೆ ಹಿರಿಯನಾದ ಅಣ್ಣ, ಜಾತ್ರೆಯಿಂದ ರಾತ್ರಿ ಮರಳುವಾಗ ಮೋರಿಯ ಹತ್ತಿರ ಗಾಡಿಯಿಂದ ಬಿದ್ದನು. ಓಡಿ ಬಂದ ಜನರಿಗೆ ಪ್ರೀತಿಗೆ ಕೊರತೆಯಿರಲಿಲ್ಲ. ಅವನನ್ನು ಎತ್ತಿ ಕೂರಿಸಿದರು. ಮುಖಕ್ಕೆ ನೀರು ಚಿಮುಕಿಸಿದರು. ಫಿಟ್ಸ್ ಇರಬಹುದೆಂದು ಯಾರೋ ಕೈಗೆ ಬೀಗದ ಕೈಗೊಂಚಲು ಹಿಡಿಸಿದರು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹುಯ್ಯಲು ನೋಡಿದರು. ಕೊನೆಗೆ ಆಟೋರಿಕ್ಷಾದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋದರು. ಕುತ್ತಿಗೆ ಹಳ್ಳದ ರಸ್ತೆಯುದ್ದಕ್ಕೂ ಅತ್ತ ಇತ್ತ ತೂಗುತ್ತಿದ್ದಿತು. ಅಣ್ಣ ಬದುಕಿದ್ದಾನೆ. ನನ್ನ ಹೆಸರನ್ನು ಒಮ್ಮೊಮ್ಮೆ ಹುಡುಕಿ ತೆಗೆಯಬೇಕಾಗುತ್ತದೆ. ಅಂಗಡಿಯ ಲೆಕ್ಕವನ್ನು ಅತ್ತಿಗೆಯೇ ನೋಡಿಕೊಳ್ಳುತ್ತಾಳೆ. ಅವನಿಗೆ ಆದುದರಲ್ಲಿ ಎಷ್ಟು ಪಾಲು ರಸ್ತೆಯದು, ಎಷ್ಟು ಪಾಲು ಆ ಮುಕ್ಕಾಲು ಗಂಟೆಯದು ಎಂಬುದನ್ನು ಈಗ ಯಾರೂ ಬೇರೆ ಮಾಡಿ ಹೇಳಲಾರರು. ಕೇರ್ನ್ಸನ ಜೀವನವನ್ನು ಓದುವಾಗ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದಿತು.

ಮತ್ತೆ ಕಥೆಗೆ ಬರೋಣ. ಆಕ್ಸ್‌ಫರ್ಡಿನಲ್ಲಿ ಒಳ್ಳೆಯ ವೈದ್ಯ ವಿದ್ಯಾಲಯವೊಂದನ್ನು ಕಟ್ಟಬೇಕೆಂದು ಕೇರ್ನ್ಸನು ದೊಡ್ಡವರ ಬೆನ್ನು ಬಿದ್ದಿದ್ದನು. 1936ರಲ್ಲಿ ಲಾರ್ಡ್ ನಫೀಲ್ಡ್ ಎರಡು ಮಿಲಿಯನ್, ಅಂದರೆ ಇಪ್ಪತ್ತು ಲಕ್ಷ ಪೌಂಡುಗಳನ್ನು ಇದಕ್ಕಾಗಿ ಕೊಟ್ಟನು. ನಫೀಲ್ಡನು ಸೈಕಲ್ ರಿಪೇರಿಯಿಂದ ಆರಂಭಿಸಿ ಮೋರಿಸ್ ಕಾರುಗಳ ದೊಡ್ಡ ಕಾರ್ಖಾನೆಯನ್ನು ಕಟ್ಟಿದವನು. ಮೊದಲಿಗೆ ಮೋಟಾರ್ ಸೈಕಲ್ಲುಗಳನ್ನೂ ಮಾಡಿ ಮಾರಿದ್ದನು. ಮೋಟಾರಿನಿಂದ ಬಂದ ಹಣವು ಮೋಟಾರಿನಿಂದ ಬಿದ್ದವರ ಶುಶ್ರೂಷೆಗೆ ಒದಗಿದುದು ಒಂದು ಸೋಜಿಗ. 1937ರಲ್ಲಿ ಕೇರ್ನ್ಸನು ಅಲ್ಲಿ ಶಸ್ತ್ರವೈದ್ಯದ ಮೊದಲನೆಯ ನಫೀಲ್ಡ್ ಪ್ರಾಧ್ಯಾಪಕನಾದನು. ಅದೇ ದಾನದಿಂದ ಅರಿವಳಿಕೆ ಶಾಸ್ತ್ರಕ್ಕೂ ಒಂದು ಪೀಠವಾಗಿ, ನ್ಯೂಜಿಲೆಂಡಿನ ರಾಬರ್ಟ್ ಮ್ಯಾಕಿಂಟಾಷ್ ಅದನ್ನು ಏರಿದನು. ಮೂರ್ಛಿತನ ಉಸಿರನ್ನು ಕಾಯುವ ವಿದ್ಯೆಯು ಅರಿವಳಿಕೆಯವರ ವಿದ್ಯೆಯಾದುದರಿಂದ ಇದು ಸಣ್ಣ ಸಂಗತಿಯಲ್ಲ.

ಎರಡು ವರ್ಷಗಳಲ್ಲಿ ಎರಡನೆಯ ಮಹಾಯುದ್ಧ. ಸೈನ್ಯಕ್ಕೆ ತಲೆಯ ಗಾಯಗಳಿಗೆಂದೇ ಒಂದು ಆಸ್ಪತ್ರೆ ಬೇಕೆಂದು ಕೇರ್ನ್ಸನು ಮೊದಲೇ ವಾದಿಸಿದ್ದನು. ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಎಂಬ ಹೆಣ್ಣುಮಕ್ಕಳ ಕಾಲೇಜಿನ ಕಟ್ಟಡವನ್ನು ಸರಕಾರವು ವಶಕ್ಕೆ ತೆಗೆದುಕೊಂಡಿತು. ವಿದ್ಯಾರ್ಥಿನಿಯರು ಬೇರೆ ಕಟ್ಟಡಗಳಿಗೆ ಹೋದರು. 1940ರ ಫೆಬ್ರವರಿಯಲ್ಲಿ ಅಲ್ಲಿ ತಲೆಗಾಯಗಳ ಸೈನಿಕ ಆಸ್ಪತ್ರೆ ತೆರೆಯಿತು. 1945ರವರೆಗೆ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಅಲ್ಲಿ ಚಿಕಿತ್ಸೆಯಾಯಿತು. ಕಾಲೇಜಿನ ಹೆಸರೂ ವೈದ್ಯನ ಹೆಸರೂ ಒಂದೇ ಆದುದು ಕೇವಲ ಕಾಕತಾಳೀಯ. ಅಲ್ಲಿ ಶಸ್ತ್ರವೈದ್ಯರು, ನರರೋಗ ತಜ್ಞರು, ಅರಿವಳಿಕೆಯವರು, ದಾದಿಯರು ಎಲ್ಲರೂ ಒಂದೇ ರೋಗಿಯ ಸುತ್ತ ಕೂಡಿ ದುಡಿಯಲು ಕಲಿತರು. ಪ್ರತಿಯೊಬ್ಬ ಗಾಯಾಳುವಿನ ವಿಷಯವನ್ನೂ ಒಂದೇ ಕ್ರಮದಲ್ಲಿ ಬರೆದಿಡಬೇಕೆಂಬುದು ಕಟ್ಟಪ್ಪಣೆ. ಬಿದ್ದ ಮೇಲೆ ಎಷ್ಟು ಹೊತ್ತಿನ ನೆನಪು ಅಳಿಸಿಹೋಗಿದೆ ಎಂಬುದನ್ನು ಕೇಳಿ ಬರೆದು, ಅದರಿಂದ ಮೆದುಳಿನ ಹಾನಿಯ ಅಳತೆಯನ್ನು ತಿಳಿಯುವ ಮಾರ್ಗವು ಬಲಗೊಂಡುದು ಆಕ್ಸ್‌ಫರ್ಡಿನ ಈ ವೈದ್ಯರಿಂದ.

ಆದರೆ ಆಕ್ಸ್‌ಫರ್ಡಿನಲ್ಲಿ ಕುಳಿತರೆ ಮರುಭೂಮಿಯಲ್ಲಿ ಬಿದ್ದವನನ್ನು ಉಳಿಸುವುದು ಹೇಗೆ? ಕೇರ್ನ್ಸನ ಉತ್ತರ ಸರಳವಾದುದು. ಗಾಯಾಳುವನ್ನು ಆಸ್ಪತ್ರೆಗೆ ತರಲು ತಡವಾಗುವುದಾದರೆ ಆಸ್ಪತ್ರೆಯೇ ಗಾಯಾಳುವಿನ ಕಡೆಗೆ ಹೋಗಬೇಕು. ಹೀಗೆ ಹುಟ್ಟಿದವು ಮೆದುಳು ಶಸ್ತ್ರಚಿಕಿತ್ಸೆಯ ಸಂಚಾರಿ ದಳಗಳು. ಒಬ್ಬ ಮೆದುಳಿನ ಶಸ್ತ್ರವೈದ್ಯ, ಒಬ್ಬ ನರರೋಗ ತಜ್ಞ, ಒಬ್ಬ ಅರಿವಳಿಕೆಯವ, ದಾದಿಯರು, ಸಹಾಯಕರು. ಲಾರಿಯಲ್ಲಿ ಶಸ್ತ್ರಕ್ರಿಯೆಯ ಮೇಜು, ದೀಪ, ರಕ್ತ ಹೀರುವ ಯಂತ್ರ, ರಕ್ತನಾಳವನ್ನು ವಿದ್ಯುತ್ತಿನಿಂದ ಬೆಸೆಯುವ ಉಪಕರಣ, ಇವೆಲ್ಲಕ್ಕೂ ಬೇಕಾದ ವಿದ್ಯುಜ್ಜನಕ. ಹಿಂದಿನಿಂದ ಸರಕು ಬರುವವರೆಗೆ ಕಾಯದೆ ಬಹುಸಂಖ್ಯೆಯ ಶಸ್ತ್ರಕ್ರಿಯೆಗಳನ್ನು ಮಾಡುವಷ್ಟು ಸಾಮಗ್ರಿ ಅದರಲ್ಲಿಯೇ ಇರುತ್ತಿದ್ದಿತು. ಬಾಸ್ಟನ್ನಿನಲ್ಲಿ ಕುಷಿಂಗನು ಅಮೃತಶಿಲೆಯ ನೆಲದ ಮೇಲೆ ನಿಂತು ಮಾಡುತ್ತಿದ್ದ ಕೆಲಸವನ್ನು ಈ ದಳಗಳವರು ಉತ್ತರ ಆಫ್ರಿಕದ ಮರಳಿನ ಮೇಲೆ ಗುಡಾರದಲ್ಲಿ ಮಾಡಿದರು. ಮುಂದೆ ಇಟಲಿಯಲ್ಲಿಯೂ ವಾಯವ್ಯ ಯೂರೋಪಿನಲ್ಲಿಯೂ ಸೈನ್ಯದ ಬೆನ್ನಿಗೇ ನಡೆದರು.

ಇಲ್ಲಿ ಒಂದು ಸೂಕ್ಷ್ಮವಿದೆ. ದಳವನ್ನು ಎಷ್ಟು ಮುಂದಕ್ಕೆ ಕಳಿಸಬೇಕು? ತೀರ ಮುಂದಕ್ಕೆ ಹೋದರೆ ಸೈನ್ಯ ಜರುಗಿದಾಗ ರೋಗಿಗಳನ್ನು ಎಬ್ಬಿಸಿ ಸಾಗಿಸಬೇಕಾಗುವುದು. ತಲೆಗೆ ಗಾಯವಾದವನು ಶಸ್ತ್ರಕ್ರಿಯೆಗೆ ಮೊದಲು, ಉಸಿರಿನ ದಾರಿಯನ್ನು ಕಾದುಕೊಂಡರೆ, ಪ್ರಯಾಣವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತಾನೆ. ಶಸ್ತ್ರಕ್ರಿಯೆಯಾದ ಮೇಲೆ ಕೆಲವು ದಿನ ಅಲುಗಾಡಿಸಿದರೆ ತಾಳಲಾರನು. ಇದು ಮೊದಲನೆಯ ಯುದ್ಧದ ಅನುಭವದಿಂದಲೇ ತಿಳಿದಿದ್ದಿತು. ಆದುದರಿಂದ ಮುಂಚೂಣಿಯ ಸಾಮಾನ್ಯ ವೈದ್ಯನು ತಲೆಯನ್ನು ತೆರೆಯಲು ಹೋಗದೆ, ಗಾಯವನ್ನು ಶುದ್ಧವಾಗಿ ಕಟ್ಟಿ, ಉಸಿರನ್ನು ನೋಡಿಕೊಂಡು, ಬೇಗನೆ ಸಂಚಾರಿ ದಳದ ಕಡೆಗೆ ಕಳುಹಿಸಬೇಕು. ದಳದವರು ಒಮ್ಮೆಗೇ ಪೂರ್ಣವಾದ ಶಸ್ತ್ರಕ್ರಿಯೆಯನ್ನು ಮಾಡಿ ರೋಗಿಯನ್ನು ತಮ್ಮ ಬಳಿಯೇ ಇರಿಸಿಕೊಳ್ಳಬೇಕು ಎಂಬ ಪದ್ಧತಿ ನೆಲೆಗೊಂಡಿತು. ಏನನ್ನು ಮಾಡಬಾರದೆಂಬುದನ್ನು ಗೊತ್ತುಮಾಡುವುದು ಏನನ್ನು ಮಾಡಬೇಕೆಂಬುದಕ್ಕಿಂತ ಕಷ್ಟ. ಕೈಯಲ್ಲಿ ಚಾಕು ಇರುವ ವೈದ್ಯನಿಗಂತೂ ಇನ್ನೂ ಕಷ್ಟ.

ಇತ್ತ ಇಂಗ್ಲೆಂಡಿನ ಆಸ್ಪತ್ರೆಗೆ ಶತ್ರುವಿನ ಗುಂಡು ತಗಲದ ಗಾಯಾಳುಗಳು ಬರುತ್ತಿದ್ದರು. ಇವರು ಸೈನ್ಯದ ಓಲೆಕಾರರು, ಮೋಟಾರ್ ಸೈಕಲ್ಲಿನ ಮೇಲೆ ಒಂದು ಶಿಬಿರದಿಂದ ಇನ್ನೊಂದಕ್ಕೆ ಆಜ್ಞೆಗಳನ್ನು ಒಯ್ಯುವವರು. ಬಹಳ ಮಂದಿ ಹದಿಹರೆಯ ದಾಟಿದ ಹುಡುಗರು. ವೈಮಾನಿಕ ದಾಳಿಯ ಭಯದಿಂದ ರಾತ್ರಿ ಬೀದಿಯ ದೀಪಗಳಿಲ್ಲ, ವಾಹನದ ದೀಪಕ್ಕೂ ಮುಸುಕು. ಕೇರ್ನ್ಸನು ಲೆಕ್ಕ ತೆಗೆದನು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಮೋಟಾರ್ ಸೈಕಲ್ ಸವಾರರೂ ಹಿಂಬದಿ ಸವಾರರೂ 2,279 ಮಂದಿ. ಯುದ್ಧಕ್ಕೆ ಹಿಂದಿನ 21 ತಿಂಗಳಲ್ಲಿ ಸತ್ತವರು 1,884. ಸತ್ತವರಲ್ಲಿ ಬಹುಪಾಲಿನವರ ಸಾವಿಗೆ ಕಾರಣ ತಲೆಯ ಪೆಟ್ಟು. ಬಳಿಕ ಅವನು ತಲೆರಕ್ಷೆ ಧರಿಸಿದ್ದಾಗ ಬಿದ್ದವರನ್ನು ಹುಡುಕಿದನು. ಸಿಕ್ಕಿದವರು ಏಳೇ ಮಂದಿ. ಏಳು ಮಂದಿಯೂ ಬದುಕಿದ್ದರು. ಕೆಲವರ ತಲೆರಕ್ಷೆ ಜಜ್ಜಿಹೋಗಿದ್ದಿತು, ತಲೆ ಉಳಿದಿದ್ದಿತು. ಇದೆಲ್ಲವನ್ನೂ 1941ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದನು.

ಏಳು ಮಂದಿಯ ಲೆಕ್ಕವು ಒಂದು ಲೆಕ್ಕವೆ ಎಂದು ನಮ್ಮ ಅರ್ಥಶಾಸ್ತ್ರದ ಮಿತ್ರರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕೇರ್ನ್ಸನು ಅಲ್ಲಿಗೆ ಬಿಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸೈನ್ಯವು ಕರ್ತವ್ಯದ ಮೇಲಿರುವ ತನ್ನ ಎಲ್ಲ ಮೋಟಾರ್ ಸೈಕಲ್ ಸವಾರರೂ ತಲೆರಕ್ಷೆ ಧರಿಸಲೇಬೇಕೆಂದು ಆಜ್ಞೆ ಮಾಡಿತು. ಇದರಿಂದ ಪರೀಕ್ಷಿಸಲು ಸಾವಿರಾರು ಸವಾರರು ದೊರೆತಂತಾಯಿತು. 1943ರಲ್ಲಿ ಒಂದು, 1946ರಲ್ಲಿ ಒಂದು ಎಂದು ಅವನು ಮತ್ತೆರಡು ಲೇಖನಗಳನ್ನು ಬರೆದನು. ಆಜ್ಞೆಯಾದ ಮೇಲೆ ಸಾವಿನ ರೇಖೆ ಇಳಿಯುತ್ತ ಹೋದುದನ್ನು ಅವು ತೋರಿಸಿದವು. 1942ರ ಬೇಸಗೆಯಲ್ಲಿ ಖಾಸಗಿ ವಾಹನಗಳ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿದುದೂ ಸಾವು ಇಳಿಯಲು ಒಂದು ಕಾರಣವೆಂಬುದನ್ನು ಮರೆಯಬಾರದು. ಆದರೆ ಪೆಟ್ರೋಲ್ ಕೊರತೆಯಿಂದ ರಸ್ತೆಯ ಮೇಲಿನ ಗಾಡಿಗಳು ಕಡಮೆಯಾಗಬಹುದೇ ಹೊರತು, ಬಿದ್ದವನ ಬುರುಡೆ ಗಟ್ಟಿಯಾಗುವುದಿಲ್ಲ. ಬಿದ್ದವರಲ್ಲಿಯೂ ತಲೆರಕ್ಷೆ ಇದ್ದವರ ಗಾಯಗಳು ಹಗುರವಾಗಿದ್ದವು.

ಅದು ಹೇಗೆ ಕಾಯುತ್ತದೆಂಬುದನ್ನು ಬಿಡಿಸಿದವನು ಕೇರ್ನ್ಸನ ಜತೆಗೆ ಆಕ್ಸ್‌ಫರ್ಡಿನಲ್ಲಿದ್ದ ಹೋಲ್ಬರ್ನ್ ಎಂಬ ಭೌತವಿಜ್ಞಾನಿ. ತಲೆಬುರುಡೆಯ ಆಕಾರದ ಅಚ್ಚಿನಲ್ಲಿ ಜೆಲಟಿನ್ ತುಂಬಿ, ಅದನ್ನು ಥಟ್ಟನೆ ತಿರುಗಿಸಿ, ಒಳಗಿನ ಮೆತ್ತನೆಯ ಪದಾರ್ಥ ಎಲ್ಲೆಲ್ಲಿ ಹರಿಯುತ್ತದೆಂದು ಅವನು ನೋಡಿದನು. ಮೊಸರಿನ ಗಡಿಗೆಯನ್ನು ತಟಕ್ಕನೆ ತಿರುಗಿಸಿದರೆ ಗಡಿಗೆ ಒಡೆಯದಿದ್ದರೂ ಒಳಗಿನ ಕೆನೆ ಒಡೆಯುವುದನ್ನು ನಮ್ಮ ತಾಯಂದಿರು ದಿನವೂ ಕಂಡಿದ್ದಾರೆ. ಬುರುಡೆ ಬಿರಿಯದೆಯೂ ಮೆದುಳು ಹರಿಯುವುದು ಈ ರೀತಿ. ತಲೆರಕ್ಷೆಯು ಒಂದು ಬಿಂದುವಿನ ಮೇಲೆ ಬೀಳುವ ಪೆಟ್ಟನ್ನು ಅಗಲವಾಗಿ ಹಂಚುತ್ತದೆ. ತಾನು ಜಜ್ಜಿಹೋಗುವುದರ ಮೂಲಕ ತಲೆ ನಿಲ್ಲುವ ಕಾಲವನ್ನು ಕ್ಷಣದ ಒಂದು ಅಂಶದಷ್ಟು ಉದ್ದ ಮಾಡುತ್ತದೆ. ಆ ಅಂಶದಲ್ಲಿ ಪ್ರಾಣವಿದೆ. ಒಳಗೆ ದಪ್ಪನೆಯ ಮೆತ್ತೆಯಿಲ್ಲದೆ ಬರಿಯ ಹೊಳೆಯುವ ಚಿಪ್ಪನ್ನು ರಸ್ತೆಬದಿಯಲ್ಲಿ ಕೊಂಡು ಪೊಲೀಸರಿಗಾಗಿ ಧರಿಸುವ ನಮ್ಮವರು ಈ ಮಾತನ್ನು ಗಮನಿಸಬೇಕು.

ಅವನ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಪೆನಿಸಿಲಿನ್ ಔಷಧಿಯನ್ನು ಬಳಕೆಗೆ ತಂದ ಹಾವರ್ಡ್ ಫ್ಲೋರಿಯು ಕೇರ್ನ್ಸನಂತೆಯೇ ಅಡಿಲೇಡಿನಿಂದ ರೋಡ್ಸ್ ವಿದ್ಯಾರ್ಥಿಯಾಗಿ ಬಂದವನು. 1943ರಲ್ಲಿ ಇಬ್ಬರೂ ಉತ್ತರ ಆಫ್ರಿಕಕ್ಕೆ ಹೋಗಿ, ಆಗ ಬೊಗಸೆಯಷ್ಟೂ ಸಿಗದಿದ್ದ ಆ ಔಷಧಿಯನ್ನು ಯುದ್ಧದ ಗಾಯಗಳ ಮೇಲೆ ಪ್ರಯೋಗಿಸಿದರು. ಕೀವು ತುಂಬಿ ಸಾಯಬೇಕಾಗಿದ್ದ ತಲೆಯ ಗಾಯಗಳನ್ನು ಬೇಗ ಹೊಲಿದು ಮುಚ್ಚುವುದು ಸಾಧ್ಯವಾಯಿತು. ಯುದ್ಧ ಮುಗಿದ 1945ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾಪತಿ ಪ್ಯಾಟನ್ನನು ಜರ್ಮನಿಯಲ್ಲಿ ಕಾರಿನ ಅಪಘಾತದಲ್ಲಿ ಕುತ್ತಿಗೆ ಮುರಿದುಕೊಂಡಾಗ, ಕೇರ್ನ್ಸನನ್ನು ವಿಮಾನದಲ್ಲಿ ಹೈಡಲ್‌ಬರ್ಗಿಗೆ ಕರೆಯಿಸಿದರು. ಪ್ಯಾಟನ್ನನು ಉಳಿಯಲಿಲ್ಲ. ಪ್ರಸಿದ್ಧರ ಮಂಚದ ಬಳಿ ಕೇರ್ನ್ಸನು ಎರಡು ಸಲ ನಿಂತು ಎರಡು ಸಲವೂ ಸೋತನು. ಗೆದ್ದುದೆಲ್ಲ ಹೆಸರಿಲ್ಲದವರ ಮಂಚದ ಬಳಿ. 1946ರಲ್ಲಿ ಸರ್ ಪದವಿ ಬಂದಿತು. ಆ ಮೇಲೆ ಕ್ಷಯದಿಂದ ಬರುವ ಮೆದುಳುಪೊರೆಯ ಜ್ವರಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಮಕ್ಕಳನ್ನು ಉಳಿಸುವ ಕೆಲಸದಲ್ಲಿ ತೊಡಗಿದನು. ಬಾಗಿಲು ತಟ್ಟಿದ ರೋಗ ಈ ಸಲ ಅವನದೇ ಆಗಿದ್ದಿತು. 1952ರ ಜುಲೈ 18ರಂದು, ಆಕ್ಸ್‌ಫರ್ಡಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡನು. ಆಗ ವಯಸ್ಸು 56.

ಸಂಚಾರಿ ದಳದ ಲಾರಿಯಲ್ಲಿ ಅವನು ಇರಿಸಿದ್ದ ವಿಚಾರವು ಅವನ ನಂತರ ಊರೂರಿನ ಆಂಬುಲೆನ್ಸಿನೊಳಗೆ ಬಂದಿತು. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್, ಜೆನೆಟ್ ಎಂಬ ವೈದ್ಯರು ಪ್ರಜ್ಞೆಯನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಕಣ್ಣು ತೆರೆಯುತ್ತಾನೆಯೆ, ಮಾತನಾಡುತ್ತಾನೆಯೆ, ಕೈಕಾಲು ಆಡಿಸುತ್ತಾನೆಯೆ ಎಂಬುದಷ್ಟನ್ನೇ ನೋಡಿ, ರಸ್ತೆಯ ಬದಿಯಲ್ಲಿ ನಿಂತವನೂ ಇದನ್ನು ಹೇಳಬಹುದು. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರಿಶೀಲನೆಯು, ತಲೆಗೆ ತೀವ್ರ ಪೆಟ್ಟಾದವನ ರಕ್ತದೊತ್ತಡ ಒಮ್ಮೆ 90ಕ್ಕಿಂತ ಕೆಳಗೆ ಇಳಿದಿದ್ದರೂ ಸಾವಿನ ಸಂಭವ ಬಹಳವಾಗಿ ಏರುವುದೆಂದು ತೋರಿಸಿತು. ಉಸಿರಿನ ದಾರಿ, ಆಮ್ಲಜನಕ, ರಕ್ತದೊತ್ತಡ, ಅಲುಗದ ಕುತ್ತಿಗೆ, ತಕ್ಕ ಆಸ್ಪತ್ರೆಗೆ ನೇರವಾದ ಪ್ರಯಾಣ. ಈಗಿನ ಆಂಬುಲೆನ್ಸಿನವರು ಕಲಿಯುವುದು ಇದನ್ನೇ. ಆಂಬುಲೆನ್ಸ್ ಬರುವವರೆಗೆ ನಮ್ಮಂಥವರು ಮಾಡಬಹುದಾದುದೂ ಸ್ವಲ್ಪ ಇದೆ. ಮೊದಲು 108ಕ್ಕೆ ಕರೆ ಮಾಡುವುದು. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಲ್ಲಿ ಆರಂಭವಾಯಿತು. ಎತ್ತಿ ಕೂರಿಸದಿರುವುದು, ಬಾಯಿಗೆ ನೀರು ಹುಯ್ಯದಿರುವುದು. ವಾಂತಿಯೋ ರಕ್ತವೋ ಬರುತ್ತಿದ್ದರೆ, ಕುತ್ತಿಗೆ ತಿರುಚದಂತೆ ತಲೆ, ಹೆಗಲು, ಸೊಂಟಗಳನ್ನು ಒಟ್ಟಾಗಿ ಹಿಡಿದು ಪಕ್ಕಕ್ಕೆ ಹೊರಳಿಸುವುದು. ಹರಿಯುವ ರಕ್ತವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯುವುದು. ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲುವವರಿಗೆ ತಿಳಿದಿರಬೇಕು: ಗಾಯಾಳುವಿಗೆ ನೆರವಾದವರನ್ನು ಕಾಯುವ ಕಲಮನ್ನು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಲಾಗಿದೆ.

ತಲೆರಕ್ಷೆಯನ್ನು ಎಲ್ಲ ಸವಾರರಿಗೂ ಕಡ್ಡಾಯ ಮಾಡುವ ಕಾನೂನು ಬ್ರಿಟನ್ನಿನಲ್ಲಿ ಬಂದುದು 1973ರಲ್ಲಿ, ಕೇರ್ನ್ಸನು ಸತ್ತು ಇಪ್ಪತ್ತೊಂದು ವರ್ಷಗಳಾದ ಮೇಲೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಅದನ್ನೇ ಹೇಳುತ್ತದೆ. 1941ರ ಲೇಖನದಲ್ಲಿ ಕೇರ್ನ್ಸನು ಸತ್ತವರನ್ನು ಎಣಿಸುವಾಗ ಹಿಂದೆ ಕುಳಿತವರನ್ನೂ ಸೇರಿಸಿ ಎಣಿಸಿದ್ದನು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬುದನ್ನು ಜಾರಿಗೆ ತಂದುದು 2016ರ ಜನವರಿಯಲ್ಲಿ.